ಗಲ್ಲೆಯ ಮುಂದಿನ ಕ್ಯೂಆರ್ ಫಲಕ: ಲಾಭವೋ, ಹೊರೆಯೋ?

ಹೊಸ ಸಾಧನವೊಂದು ಮಾರುಕಟ್ಟೆಗೆ ಬಂದಾಗಲೆಲ್ಲ ವರ್ತಕ ಬಾಂಧವರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಹುಟ್ಟುವುದು ಸಹಜ. ಎಲೆಕ್ಟ್ರಾನಿಕ್ ತಕ್ಕಡಿ ಬಂದಾಗ ಹೀಗೆಯೇ ಆಯಿತು, ಲೆಕ್ಕಪತ್ರಕ್ಕೆ ಕಂಪ್ಯೂಟರ್ ಬಂದಾಗಲೂ ಹೀಗೆಯೇ ಆಯಿತು. ಒಂದು ವರ್ಗ ಅದನ್ನು ತಕ್ಷಣ ಕೊಳ್ಳುತ್ತದೆ, ಇನ್ನೊಂದು ವರ್ಗ ಅದು ನಮಗೆ ತಕ್ಕುದಲ್ಲವೆಂದು ದೂರವಿಡುತ್ತದೆ. ಆದರೆ ಕ್ಯೂಆರ್ ಫಲಕ ಮತ್ತು ಅದರ ಜೊತೆಗೆ ಬರುವ ಮಾತನಾಡುವ ಡಬ್ಬಿಯ ವಿಷಯದಲ್ಲಿ ಸಂಗತಿ ಸ್ವಲ್ಪ ಭಿನ್ನವಾಗಿದೆ. ಇದನ್ನು ಮೊದಲು ಸಂತೋಷದಿಂದ ಇಟ್ಟುಕೊಂಡವರೇ ನಂತರ ಭಯದಿಂದ ತೆಗೆದಿಟ್ಟರು. ಆ ಭಯ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಲೆಕ್ಕದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಂಗಾವತಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮರಳಿಯಲ್ಲಿ ಕಿರಾಣಿ ಅಂಗಡಿ ನಡೆಸುವ ನನ್ನ ಕಕ್ಷಿದಾರರೊಬ್ಬರು ಒಂದು ದಿನ ಆ ಫಲಕವನ್ನೂ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಕಚೇರಿಗೆ ಬಂದರು. ಅವರಿಗೆ ಯಾವ ನೋಟಿಸೂ ಬಂದಿರಲಿಲ್ಲ. ಪತ್ರಿಕೆ ಓದಿ ಹೆದರಿದ್ದರು, ಅಷ್ಟೇ. "ರೊಕ್ಕದ ಯಾಪಾರ ಇದ್ದಾಗ ಯಾರಿಗೂ ಲೆಕ್ಕ ಹೇಳೂದಿರಲಿಲ್ರಿ ಸಾಹೇಬ್ರ. ಈ ಡಬ್ಬಿ ಬಂದ ಮ್ಯಾಲೆ ನಮ್ಮ ಯಾಪಾರಕ್ಕ ಡಂಗುರ ಹೊಡದಂಗ ಆಗೇತಿ. ಇದನ್ನ ವಾಪಸ್ ಕೊಟ್ಟು ಬಿಡ್ಲೇನು?" ಎಂಬುದು ಅವರ ಪ್ರಶ್ನೆ. ಇದು ಅವರೊಬ್ಬರ ಪ್ರಶ್ನೆಯಲ್ಲ. ಆದ್ದರಿಂದ ಅವರಿಗೆ ಹೇಳಿದ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಯುಪಿಐ ವ್ಯವಸ್ಥೆಗೆ 2016ರ ಏಪ್ರಿಲ್‌ನಲ್ಲಿ ಚಾಲನೆ ದೊರೆಯಿತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿಯ ನಂತರ ಅದಕ್ಕೆ ವೇಗ ಬಂತು. 2020ರ ಜನವರಿ 1ರಿಂದ ಯುಪಿಐ ಮೂಲಕ ವರ್ತಕನಿಗೆ ಬರುವ ಹಣದ ಮೇಲೆ ಬ್ಯಾಂಕುಗಳು ಶುಲ್ಕ ಮುರಿದುಕೊಳ್ಳುವಂತಿಲ್ಲ ಎಂದು ಕೇಂದ್ರ ಸರಕಾರ ನಿಯಮ ಮಾಡಿತು. ಕಾರ್ಡ್ ಯಂತ್ರಕ್ಕೆ ಹೆದರುತ್ತಿದ್ದ ಚಿಕ್ಕ ಅಂಗಡಿಕಾರರು ಕ್ಯೂಆರ್ ಫಲಕವನ್ನು ಒಪ್ಪಿಕೊಂಡದ್ದಕ್ಕೆ ಇದೇ ಮುಖ್ಯ ಕಾರಣ. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ದೇಶದಲ್ಲಿ ನಡೆದ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ 2,000 ಕೋಟಿ ದಾಟಿತು.

ಅದೇ 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಸೇವಾ ಸಂಸ್ಥೆಗಳಿಂದ ಪಡೆದ ಮಾಹಿತಿಯನ್ನು ಆಧರಿಸಿ, ನೋಂದಣಿ ಮಾಡಿಸಿಕೊಳ್ಳದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ನೀಡಿತು. 2021-22ರಿಂದ 2024-25ರವರೆಗಿನ ಅವಧಿಯಲ್ಲಿ ಫೋನ್ ಮೂಲಕ ಬಂದ ಮೊತ್ತ ಜಿಎಸ್‌ಟಿ ನೋಂದಣಿಯ ಮಿತಿಯನ್ನು ಮೀರಿದೆ ಎಂಬುದು ನೋಟಿಸಿನ ಸಾರ. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮಾಯವಾಗಿ 'ನಗದು ಮಾತ್ರ' ಎಂಬ ಕೈಬರಹದ ಚೀಟಿಗಳು ಬಂದವು. ಜುಲೈ 25ರಂದು ಬಂದ್ ಆಚರಿಸುವ ಕರೆಯೂ ಹೊರಟಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮುಂದೆ ನೋಂದಣಿ ಮಾಡಿಸಿಕೊಂಡು ತೆರಿಗೆ ಕಟ್ಟಬೇಕು ಎಂಬ ಭರವಸೆ ಮತ್ತು ಷರತ್ತನ್ನು ಮುಂದಿಟ್ಟ ಮೇಲೆ ಬಂದ್ ಕರೆ ಹಿಂತೆಗೆಯಲ್ಪಟ್ಟಿತು.

ಬಿಸಿ ಆರಿತು, ಆದರೆ ಗೊಂದಲ ಉಳಿಯಿತು. 'ಫೋನ್ ವ್ಯಾಪಾರಕ್ಕೆ ತೆರಿಗೆ ಇದೆ, ನಗದು ವ್ಯಾಪಾರಕ್ಕೆ ಇಲ್ಲ' ಎಂಬ ತಿಳಿವಳಿಕೆ ಹಳ್ಳಿಹಳ್ಳಿಗೂ ತಲುಪಿತು. ಇದು ಮೂಲದಲ್ಲಿಯೇ ತಪ್ಪು.

ತೆರಿಗೆ ಮಾರಾಟಕ್ಕೆ, ಫೋನಿಗಲ್ಲ

ಜಿಎಸ್‌ಟಿ ಬೀಳುವುದು ಸರಕಿನ ಅಥವಾ ಸೇವೆಯ ಪೂರೈಕೆಯ ಮೇಲೆ. ಹಣವನ್ನು ನಗದಾಗಿ ಪಡೆದಿರೋ, ಚೆಕ್ಕಿನಲ್ಲಿ ಪಡೆದಿರೋ, ಫೋನಿನಲ್ಲಿ ಪಡೆದಿರೋ ಅಥವಾ ಇನ್ನೂ ಪಡೆಯದೆ ಉದ್ರಿ ಬರೆದಿರೋ ಎಂಬುದು ತೆರಿಗೆಯ ಹೊಣೆಯನ್ನು ಬದಲಿಸುವುದಿಲ್ಲ. 2,000 ರೂಪಾಯಿಗಿಂತ ಹೆಚ್ಚಿನ ಯುಪಿಐ ಪಾವತಿಗೆ ಜಿಎಸ್‌ಟಿ ಹಾಕುತ್ತಾರೆಂಬ ಸುದ್ದಿ ಹಬ್ಬಿದಾಗ ಅದು ಸಂಪೂರ್ಣ ಸುಳ್ಳೆಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಏಪ್ರಿಲ್ 18ರಂದು ಸ್ಪಷ್ಟಪಡಿಸಿತ್ತು.

ನೋಂದಣಿಯ ಮಿತಿಗಳನ್ನು ಪ್ರತಿಯೊಬ್ಬ ವರ್ತಕನೂ ನೆನಪಿನಲ್ಲಿಡುವುದು ಅಗತ್ಯ.

1. ಕೇವಲ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ಒಟ್ಟು ವಹಿವಾಟಿನ ಮಿತಿ 40 ಲಕ್ಷ ರೂಪಾಯಿ. ಇದು 2019ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

2. ಸೇವೆ ಒದಗಿಸುವವರಿಗೆ ಮಿತಿ 20 ಲಕ್ಷ. ಖಾನಾವಳಿ, ಚಹಾದ ಹೋಟೆಲುಗಳು ಸೇವೆಯ ಸಾಲಿಗೆ ಸೇರುತ್ತವೆ. ಮೊಬೈಲ್ ಮಾರುವುದರ ಜೊತೆಗೆ ರಿಪೇರಿಯನ್ನೂ ಮಾಡುವವರಿಗೆ 40 ಲಕ್ಷದ ಅನುಕೂಲ ಸಿಗದು. ಅವರಿಗೂ 20 ಲಕ್ಷವೇ ಮಿತಿ.

3. ತರಕಾರಿ, ಹಣ್ಣು, ಹಾಲು, ಚೀಲ ಬಿಚ್ಚಿ ತೂಗಿ ಕೊಡುವ ಅಕ್ಕಿ, ಜೋಳ ಮುಂತಾದ ವಿನಾಯಿತಿ ಪಡೆದ ಸರಕುಗಳನ್ನು ಮಾತ್ರವೇ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕಿಲ್ಲ.

4. ವಿನಾಯಿತಿ ಸರಕು ಮತ್ತು ತೆರಿಗೆಯ ಸರಕು ಎರಡನ್ನೂ ಮಾರುವವರು ಎರಡನ್ನೂ ಕೂಡಿಸಿಯೇ 40 ಲಕ್ಷದ ಮಿತಿಯನ್ನು ನೋಡಬೇಕು. ನಮ್ಮ ಕಿರಾಣಿ ವರ್ತಕರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. 'ನಮ್ಮಲ್ಲಿ ಬರೀ ಅಕ್ಕಿ, ಬೇಳೆ ಮಾರಾಟ' ಎನ್ನುವ ಅಂಗಡಿಯಲ್ಲಿ ಸಕ್ಕರೆ, ಎಣ್ಣೆ, ಸಾಬೂನು ಇದ್ದೇ ಇರುತ್ತವೆ.

5. ತೆರಿಗೆಯ ಸರಕನ್ನು ಬೇರೆ ರಾಜ್ಯಕ್ಕೆ ಮಾರುವ ತಯಾರಕರಿಗೆ ಸಾಮಾನ್ಯವಾಗಿ ಈ ಮಿತಿಯ ರಕ್ಷಣೆಯೇ ಇಲ್ಲ. ಮೊದಲ ರೂಪಾಯಿಯ ಮಾರಾಟದಿಂದಲೇ ನೋಂದಣಿ ಬೇಕಾಗುತ್ತದೆ. ಆಂಧ್ರ, ತೆಲಂಗಾಣಗಳಿಗೆ ಸರಕು ಕಳಿಸುವ ನಮ್ಮ ಭಾಗದ ಸಣ್ಣ ಘಟಕಗಳು ಇದನ್ನು ಗಮನಿಸಬೇಕು.

ಡಬ್ಬಿ ಹೇಳುವ ಮೊತ್ತವೆಲ್ಲ ವ್ಯಾಪಾರವೇ?

ಕಕ್ಷಿದಾರರ ಭಯ ಪೂರ್ತಿ ನಿರಾಧಾರವೂ ಅಲ್ಲ. ಫೋನ್ ಮೂಲಕ ಖಾತೆಗೆ ಬಂದ ಮೊತ್ತ ಮತ್ತು ನಿಜವಾದ ವಹಿವಾಟು ಇವೆರಡೂ ಒಂದೇ ಆಗಿರುವುದಿಲ್ಲ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಈ ಅಂತರ ಹೆಚ್ಚು. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಹಳ್ಳಿಯ ಅಂಗಡಿಯೇ ಎಟಿಎಂ ಆಗಿರುವುದು. "ನಿಮಗ ಫೋನ್‌ಪೇ ಮಾಡ್ತೀನ್ರಿ, ನಂಗ ಎರಡು ಸಾವಿರ ರೊಕ್ಕ ಕೊಡ್ರಿ" ಎಂದು ಕೇಳುವವರು ದಿನಕ್ಕೆ ನಾಲ್ಕೈದು ಜನ ಇರುತ್ತಾರೆ. ಅಂಗಡಿಕಾರರು ಕೊಡುತ್ತಾರೆ. ಕೆಲವರು ಅದಕ್ಕೆ ಹತ್ತಿಪ್ಪತ್ತು ರೂಪಾಯಿ ಪಡೆಯುತ್ತಾರೆ, ಕೆಲವರು ಗಿರಾಕಿ ಉಳಿಯಲೆಂದು ಪುಕ್ಕಟೆ ಮಾಡುತ್ತಾರೆ. ಖಾತೆಯಲ್ಲಿ ಮಾತ್ರ ಅದು ಎರಡು ಸಾವಿರ ಜಮೆಯಾಗಿ ಕಾಣುತ್ತದೆ.

ಎರಡನೆಯದು, ಮನೆ ಮತ್ತು ಅಂಗಡಿಗೆ ಒಂದೇ ಖಾತೆ ಇರುವುದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಕಳಿಸಿದ ಹಣ, ಬೀಗರು ಹಿಂದಿರುಗಿಸಿದ ಕೈಗಡ, ಚೀಟಿ ಎತ್ತಿದ ಮೊತ್ತ, ಎಲ್ಲವೂ ಅದೇ ಕ್ಯೂಆರ್ ಸಂಖ್ಯೆಗೆ ಬಂದು ಬೀಳುತ್ತವೆ.

ಮೂರನೆಯದು ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ವಿಶೇಷ. ಇಲ್ಲಿನ ವ್ಯಾಪಾರ ನಡೆಯುವುದು ಉದ್ರಿಯ ಮೇಲೆ, ಉದ್ರಿ ತೀರುವುದು ಸುಗ್ಗಿಯ ಮೇಲೆ. ಕಾಲುವೆಗೆ ಎರಡನೆಯ ಬೆಳೆಗೂ ನೀರು ಸಿಕ್ಕ ವರ್ಷಗಳಲ್ಲಿ ಬೇಸಿಗೆ ಭತ್ತ ಕೈಗೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ರೈತನ ಮನೆಗೆ ಹೋದ ದಿನಸಿ ಆ ಆರ್ಥಿಕ ವರ್ಷದ ಮಾರಾಟ. ಅದರ ಹಣ ಫೋನಿನಲ್ಲಿ ಬರುವುದು ಮೇ ತಿಂಗಳಲ್ಲಿ, ಅಂದರೆ ಮುಂದಿನ ಆರ್ಥಿಕ ವರ್ಷದಲ್ಲಿ. ಒಮ್ಮೆಲೇ ನಲವತ್ತು ಸಾವಿರ ಜಮೆಯಾದ ಆ ದಿನದ ಮಾರಾಟ ನಾಲ್ಕು ಸಾವಿರವೂ ಇರಲಿಕ್ಕಿಲ್ಲ. ಬ್ಯಾಂಕಿನ ಪಟ್ಟಿ ಜಮೆಯ ದಿನಾಂಕವನ್ನು ಮಾತ್ರ ಹೇಳುತ್ತದೆ, ಉದ್ರಿಯ ಕಥೆಯನ್ನು ಹೇಳುವುದಿಲ್ಲ.

ಒಂದು ಲೆಕ್ಕ

ಈ ಅಂಶಗಳನ್ನು ಅಂಕಿಗಳಲ್ಲಿ ನೋಡೋಣ. ಕೆಳಗಿನದು ತಿಳಿವಳಿಕೆಗಾಗಿ ಹಾಕಿಕೊಂಡ ಕಾಲ್ಪನಿಕ ಲೆಕ್ಕ. ಹೋಬಳಿ ಕೇಂದ್ರದ ಒಂದು ಕಿರಾಣಿ ಅಂಗಡಿ ಎಂದಿಟ್ಟುಕೊಳ್ಳೋಣ.

ವರ್ಷದಲ್ಲಿ ಫೋನ್ ಮೂಲಕ ಖಾತೆಗೆ ಬಂದ ಒಟ್ಟು ಮೊತ್ತ: ರೂ. 44,00,000
ಕಳೆಯಬೇಕಾದದ್ದು, ಜಮೆ ಪಡೆದು ನಗದು ಕೊಟ್ಟದ್ದು: ರೂ. 5,20,000
ಕಳೆಯಬೇಕಾದದ್ದು, ಮನೆಯವರ ಹಣ, ಕೈಗಡ, ಚೀಟಿ: ರೂ. 2,30,000
ಕಳೆಯಬೇಕಾದದ್ದು, ಹಿಂದಿನ ವರ್ಷದ ಉದ್ರಿ ವಸೂಲಿ: ರೂ. 1,50,000
ಈ ವರ್ಷದ ಮಾರಾಟಕ್ಕೆ ಸಂಬಂಧಿಸಿದ ಫೋನ್ ಜಮೆ: ರೂ. 35,00,000
ಕೂಡಿಸಬೇಕಾದದ್ದು, ನಗದು ಮಾರಾಟ: ರೂ. 9,00,000
ಕೂಡಿಸಬೇಕಾದದ್ದು, ಈ ವರ್ಷ ಮಾರಿ ಇನ್ನೂ ಬರಬೇಕಾದ ಉದ್ರಿ: ರೂ. 1,00,000
ನಿಜವಾದ ಒಟ್ಟು ವಹಿವಾಟು: ರೂ. 45,00,000

ಈ ಲೆಕ್ಕದಿಂದ ಎರಡು ಪಾಠಗಳು ಹೊರಡುತ್ತವೆ.

ಮೊದಲ ಪಾಠ ವರ್ತಕರಿಗೆ ಕಹಿಯಾದದ್ದು. ಕ್ಯೂಆರ್ ಫಲಕವನ್ನು ತೆಗೆದು ಹಾಕಿದರೂ ಈ ಅಂಗಡಿಯ ವಹಿವಾಟು 45 ಲಕ್ಷವೇ. ನಗದಿಗೆ ಮರಳಿದ ಮಾತ್ರಕ್ಕೆ ನೋಂದಣಿಯ ಹೊಣೆ ತಪ್ಪಲಿಲ್ಲ, ಮುಚ್ಚಿಹೋಯಿತು ಅಷ್ಟೇ. ಅದೂ ಪೂರ್ತಿಯಾಗಿ ಮುಚ್ಚುವುದಿಲ್ಲ. ಸಗಟು ವ್ಯಾಪಾರಿ ನಿಮ್ಮ ಹೆಸರಿಗೆ ಹಾಕಿದ ಬಿಲ್ಲುಗಳು ಅವರ ಲೆಕ್ಕದಲ್ಲಿ ಇರುತ್ತವೆ. ಬ್ಯಾಂಕಿಗೆ ಕಟ್ಟುವ ದೊಡ್ಡ ನಗದು ಮೊತ್ತಗಳು ಆದಾಯ ತೆರಿಗೆ ಇಲಾಖೆಗೆ ವರದಿಯಾಗುತ್ತವೆ.

ಎರಡನೆಯ ಪಾಠ ಸಮಾಧಾನದ್ದು. ಇದೇ ಅಂಗಡಿಯ ನಗದು ಮಾರಾಟ 9 ಲಕ್ಷದ ಬದಲು 3 ಲಕ್ಷ ಮಾತ್ರ ಆಗಿದ್ದರೆ ಒಟ್ಟು ವಹಿವಾಟು 39 ಲಕ್ಷವಾಗುತ್ತಿತ್ತು. ಆಗ ಫೋನಿನ ಪಟ್ಟಿ 44 ಲಕ್ಷ ತೋರಿಸಿದರೂ ನೋಂದಣಿಯ ಅಗತ್ಯ ಇರುತ್ತಿರಲಿಲ್ಲ. ಆದರೆ ಇದನ್ನು ಅಧಿಕಾರಿಯ ಮುಂದೆ ತೋರಿಸಿಕೊಡಲು ಬಾಯಿ ಮಾತು ಸಾಲದು, ಪುಸ್ತಕ ಬೇಕು. 5 ಲಕ್ಷ 20 ಸಾವಿರ ರೂಪಾಯಿಯನ್ನು ಯಾರಿಗೆ ಯಾವಾಗ ನಗದು ಕೊಟ್ಟಿರಿ ಎಂಬುದನ್ನು ಎರಡು ವರ್ಷದ ನಂತರ ನೆನಪಿನಿಂದ ಹೇಳಲು ಯಾರಿಗೂ ಸಾಧ್ಯವಿಲ್ಲ.

ನೋಟಿಸಿಗೆ ಉತ್ತರವನ್ನೇ ಕೊಡದಿರುವುದು ಎಲ್ಲಕ್ಕಿಂತ ದುಬಾರಿಯಾದ ದಾರಿ. ನೋಂದಣಿ ಮಾಡಿಸಿಕೊಳ್ಳದವರ ವಿಷಯದಲ್ಲಿ ತಮಗೆ ದೊರೆತ ಮಾಹಿತಿಯ ಮೇಲೆ ಅಂದಾಜು ತೀರ್ಮಾನ ಮಾಡುವ ಅಧಿಕಾರವನ್ನು ಜಿಎಸ್‌ಟಿ ಕಾಯ್ದೆಯ 63ನೆಯ ಕಲಮು ಅಧಿಕಾರಿಗೆ ನೀಡಿದೆ.

ತೆರಿಗೆ ಎಷ್ಟು ಬೀಳುತ್ತದೆ?

ನೋಂದಣಿ ಎಂದೊಡನೆ ಅಂಗಡಿಯ ಲಾಭವೆಲ್ಲ ತೆರಿಗೆಗೆ ಹೋಗುತ್ತದೆಂಬ ಅಭಿಪ್ರಾಯವೂ ಬಲವಾಗಿದೆ. ಮೇಲಿನ 45 ಲಕ್ಷದ ವಹಿವಾಟಿನಲ್ಲಿ 21 ಲಕ್ಷ ವಿನಾಯಿತಿ ಸರಕು, 24 ಲಕ್ಷ ತೆರಿಗೆಯ ಸರಕು ಎಂದುಕೊಳ್ಳೋಣ. ವರ್ಷಕ್ಕೆ ಒಂದೂವರೆ ಕೋಟಿಯವರೆಗೆ ವಹಿವಾಟು ಇರುವವರಿಗೆ ರಾಜಿ ತೆರಿಗೆ ಪದ್ಧತಿ ಲಭ್ಯವಿದೆ. ಈ ಪದ್ಧತಿಯಲ್ಲಿ ವ್ಯಾಪಾರಿಯು ತೆರಿಗೆಯ ಸರಕಿನ ಮಾರಾಟದ ಮೇಲೆ ಮಾತ್ರ ಶೇಕಡಾ 1ರಷ್ಟು ಕಟ್ಟಿದರೆ ಸಾಕು. ಅಂದರೆ ವರ್ಷಕ್ಕೆ 24,000 ರೂಪಾಯಿ, ತಿಂಗಳಿಗೆ 2,000 ರೂಪಾಯಿ.

ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ಈ ರಿಯಾಯಿತಿ ಹಿಂದಿನ ಅವಧಿಗೆ ದೊರೆಯದು, ಸಾಮಾನ್ಯ ದರವೇ ಅನ್ವಯವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ದರಗಳಂತೆ ಆ 24 ಲಕ್ಷದಲ್ಲಿ 19 ಲಕ್ಷಕ್ಕೆ ಶೇಕಡಾ 5, 5 ಲಕ್ಷಕ್ಕೆ ಶೇಕಡಾ 18 ಎಂದು ಹಿಡಿದರೂ ತೆರಿಗೆ 1,85,000 ರೂಪಾಯಿ ಆಗುತ್ತದೆ. ಅದರ ಮೇಲೆ ವಾರ್ಷಿಕ ಶೇಕಡಾ 18ರ ಬಡ್ಡಿ ಮತ್ತು ದಂಡ ಬೇರೆ. ಯಾವ ವಿವರಣೆಯನ್ನೂ ಕೊಡದೆ ಸುಮ್ಮನಿದ್ದು, ಇಡೀ 44 ಲಕ್ಷವನ್ನೂ ಶೇಕಡಾ 18ರ ಸರಕೆಂದು ಲೆಕ್ಕ ಹಾಕುವ ಸ್ಥಿತಿ ಬಂದರೆ ಮೊತ್ತ 7,92,000 ರೂಪಾಯಿಗೆ ಏರುತ್ತದೆ. ಅಂಗಡಿ, ಗಿರಾಕಿ ಮತ್ತು ಸರಕು ಮೂರೂ ಲೆಕ್ಕದಲ್ಲಿ ಬದಲಾಗಿಲ್ಲ. ಆದರೂ ತೆರಿಗೆ 24 ಸಾವಿರ, 1 ಲಕ್ಷ 85 ಸಾವಿರ, 7 ಲಕ್ಷ 92 ಸಾವಿರ ಎಂದು ಮೂರು ಬಗೆಯಾಯಿತು. ಈ ವ್ಯತ್ಯಾಸಕ್ಕೆ ಕಾರಣ ಡಬ್ಬಿಯಲ್ಲ, ಪುಸ್ತಕವಿಲ್ಲದಿರುವುದು.

ರಾಜಿ ಪದ್ಧತಿಗೂ ಷರತ್ತುಗಳಿವೆ. ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಹಿಂಪಡೆಯುವಂತಿಲ್ಲ. ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿ, ವರ್ಷಕ್ಕೊಂದು ವಿವರಪಟ್ಟಿ ಸಲ್ಲಿಸಬೇಕು. ಹೋಟೆಲುಗಳಿಗೆ ದರ ಶೇಕಡಾ 5. ಸಣ್ಣ ತಯಾರಕರಿಗೆ ದರ ಶೇಕಡಾ 1 ಇದ್ದರೂ ಅದು ವಿನಾಯಿತಿ ಸರಕೂ ಸೇರಿ ಒಟ್ಟು ವಹಿವಾಟಿನ ಮೇಲೆ ಬೀಳುತ್ತದೆ. ಇಟ್ಟಿಗೆ, ಹೆಂಚು ತಯಾರಕರು 2022ರ ಏಪ್ರಿಲ್‌ನಿಂದ ಈ ಪದ್ಧತಿಯಿಂದ ಹೊರಗಿದ್ದಾರೆ. ಅಕ್ಕಿ ಮಾರುವವರು ಇನ್ನೊಂದು ಅಂಶ ಗಮನಿಸಬೇಕು. ಸಡಿಲ ಅಕ್ಕಿಗೆ ತೆರಿಗೆ ಇಲ್ಲ. ಆದರೆ ಮೊದಲೇ ತುಂಬಿ ಚೀಟಿ ಅಂಟಿಸಿದ 25 ಕೆ.ಜಿ. ವರೆಗಿನ ಚೀಲಕ್ಕೆ 2022ರ ಜುಲೈ 18ರಿಂದ ಶೇಕಡಾ 5ರ ತೆರಿಗೆ ಇದೆ.

ಸಾಧನದ ಲಾಭ ನಷ್ಟ

ತೆರಿಗೆಯ ಭಯವನ್ನು ಪಕ್ಕಕ್ಕಿಟ್ಟು, ಈ ಸಾಧನ ತನ್ನ ಖರ್ಚಿಗೆ ತಕ್ಕ ಕೆಲಸ ಮಾಡುತ್ತದೆಯೇ ಎಂದು ನೋಡೋಣ. ಕಾಗದದ ಕ್ಯೂಆರ್ ಫಲಕಕ್ಕೆ ಖರ್ಚಿಲ್ಲ. ಖರ್ಚು ಇರುವುದು ಮಾತನಾಡುವ ಡಬ್ಬಿಗೆ. ಅದರ ಬಾಡಿಗೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ. ಲೆಕ್ಕಕ್ಕಾಗಿ ತಿಂಗಳಿಗೆ 125 ರೂಪಾಯಿ ಎಂದು ಹಿಡಿದರೆ ಶೇಕಡಾ 18ರ ಜಿಎಸ್‌ಟಿ ಸೇರಿ ವರ್ಷಕ್ಕೆ 1,770 ರೂಪಾಯಿ. ಫೋನ್ ಮಾರಾಟ 35 ಲಕ್ಷ ಇರುವ ಅಂಗಡಿಗೆ ಇದು ನೂರು ರೂಪಾಯಿಗೆ ಐದು ಪೈಸೆಯ ಖರ್ಚು. ದಿನಕ್ಕೆ ಹತ್ತೇ ಪಾವತಿ ಬರುವ ಹೊಲಿಗೆ ಅಂಗಡಿಗೆ ಅಥವಾ ಹಿಟ್ಟಿನ ಗಿರಣಿಗೆ ಡಬ್ಬಿಯ ಅಗತ್ಯವಿಲ್ಲ, ಬ್ಯಾಂಕಿನ ಸಂದೇಶ ನೋಡಿದರೆ ಸಾಕು. ಸಂತೆಯ ದಿನ ಗಲ್ಲೆಯ ಮುಂದೆ ಎಂಟು ಜನ ನಿಲ್ಲುವ ಅಂಗಡಿಗೆ ಅದು ಬೇಕು. ಹಣ ಕಳಿಸಿದಂತೆ ನಕಲಿ ಚಿತ್ರ ತೋರಿಸಿ ಸರಕು ಒಯ್ಯುವವರ ಒಂದೇ ಮೋಸ ತಪ್ಪಿದರೂ ವರ್ಷದ ಬಾಡಿಗೆ ಹುಟ್ಟುತ್ತದೆ.

ಚಿಲ್ಲರೆಯ ಬದಲು ಚಾಕಲೇಟು ಕೊಡುವ ಮುಜುಗರ ತಪ್ಪುತ್ತದೆ. ಖೋಟಾ ನೋಟಿನ ಭಯ ಇಲ್ಲ. ನಗದು ಕಟ್ಟಲು ಗಂಗಾವತಿಗೆ ಹೋಗಿ ಸರದಿಯಲ್ಲಿ ನಿಲ್ಲುವ ಅರ್ಧ ದಿನ ಉಳಿಯುತ್ತದೆ. ಆದಾಯ ತೆರಿಗೆಯಲ್ಲಿಯೂ ಒಂದು ಅನುಕೂಲವಿದೆ. 1961ರ ಕಾಯ್ದೆಯ 44ಎಡಿ ಕಲಮಿನ ಅಂದಾಜು ಲಾಭದ ಯೋಜನೆಯಲ್ಲಿ ನಗದು ವಹಿವಾಟಿನ ಮೇಲೆ ಕನಿಷ್ಠ ಶೇಕಡಾ 8, ಬ್ಯಾಂಕ್ ಅಥವಾ ಫೋನ್ ಮೂಲಕ ಬಂದ ವಹಿವಾಟಿನ ಮೇಲೆ ಕನಿಷ್ಠ ಶೇಕಡಾ 6 ಲಾಭ ತೋರಿಸಿದರೆ ಸಾಕಿತ್ತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಇದೇ ತಿರುಳನ್ನು ಉಳಿಸಿಕೊಂಡಿದೆ. ದಲಾಲಿ, ಅಡತ ವ್ಯವಹಾರದವರಿಗೆ ಮಾತ್ರ ಈ ಯೋಜನೆ ಅನ್ವಯಿಸುವುದಿಲ್ಲ.

ಸಣ್ಣ ತಯಾರಕರಿಗೆ ಇದಕ್ಕಿಂತ ದೊಡ್ಡ ಲಾಭ ಸಾಲದ್ದು. ದುಡಿಯುವ ಬಂಡವಾಳದ ಸಾಲವನ್ನು ನಿರ್ಧರಿಸುವಾಗ ಬ್ಯಾಂಕುಗಳು ಸಣ್ಣ ಘಟಕದ ನಿರೀಕ್ಷಿತ ವಾರ್ಷಿಕ ವಹಿವಾಟಿನ ಶೇಕಡಾ 20ರಷ್ಟನ್ನು ಆಧಾರವಾಗಿ ಇಟ್ಟುಕೊಳ್ಳುವುದು ನಾಯಕ್ ಸಮಿತಿಯ ಕಾಲದಿಂದ ಬಂದ ಪದ್ಧತಿ. ಖಾತೆಯಲ್ಲಿ 45 ಲಕ್ಷದ ವಹಿವಾಟು ಕಾಣುವ ಘಟಕ 9 ಲಕ್ಷದ ಸಾಲ ಕೇಳಬಹುದು. ಅದೇ ವಹಿವಾಟು ಗಲ್ಲೆಯಲ್ಲಿಯೇ ಹುಟ್ಟಿ ಗಲ್ಲೆಯಲ್ಲಿಯೇ ಕರಗಿದರೆ ಬ್ಯಾಂಕಿನ ವ್ಯವಸ್ಥಾಪಕರಿಗೆ ತೋರಿಸಲು ಏನೂ ಇರುವುದಿಲ್ಲ. ಆಗ ಕೈಗಡದ ಬಡ್ಡಿಯೇ ಗತಿ. ತೆರಿಗೆ ಅಧಿಕಾರಿಗೆ ಕಾಣಬಾರದೆಂದು ಬಚ್ಚಿಟ್ಟ ವಹಿವಾಟು ಸಾಲ ಕೊಡುವವನಿಗೂ ಕಾಣುವುದಿಲ್ಲ.

ತೊಂದರೆಗಳನ್ನೂ ಹೇಳಬೇಕು. ವ್ಯವಸ್ಥೆ ಕೈಕೊಡುವ ದಿನಗಳಿವೆ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕೆಲವು ಗಂಟೆ ತೊಡರಿಕೊಂಡಿತ್ತು. ಆದ್ದರಿಂದ ಗಲ್ಲೆಯಲ್ಲಿ ಒಂದು ದಿನಕ್ಕಾಗುವಷ್ಟು ಚಿಲ್ಲರೆ ಇರಲೇಬೇಕು. ಫಲಕದ ಮೇಲೆ ಬೇರೆಯವರ ಕ್ಯೂಆರ್ ಚೀಟಿ ಅಂಟಿಸಿ ಹಣ ಕದಿಯುವುದೂ ಉಂಟು. ಬೆಳಿಗ್ಗೆ ಬಾಗಿಲು ತೆರೆದೊಡನೆ ಅದನ್ನು ಒಮ್ಮೆ ಪರೀಕ್ಷಿಸುವುದು ಲೇಸು. ಹಣ ಪಡೆಯಲು ರಹಸ್ಯ ಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಿರೆಂದು ಯಾರಾದರೂ ಹೇಳಿದರೆ ಅದು ಮೋಸ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಜಮೆ ಪಡೆದು ನಗದು ಕೊಡುವ ಪರೋಪಕಾರದಲ್ಲಿ. ಎಲ್ಲಿಯೋ ಮೋಸದಿಂದ ಎಗರಿಸಿದ ಹಣವನ್ನು ಅಪರಿಚಿತನೊಬ್ಬ ನಿಮ್ಮ ಖಾತೆಗೆ ಹಾಕಿ ನಗದು ಒಯ್ದರೆ, ತನಿಖೆಯ ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ. ಆ ಮೊತ್ತಕ್ಕೆ, ಕೆಲವೊಮ್ಮೆ ಇಡೀ ಖಾತೆಗೆ ತಡೆ ಬೀಳುತ್ತದೆ. ಸಗಟು ವ್ಯಾಪಾರಿಗೆ ಕಟ್ಟಬೇಕಾದ ಹಣ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪರಿಚಯವಿಲ್ಲದವರಿಗೆ ಈ ಉಪಕಾರ ಬೇಡ. ಮೋಸವಾದದ್ದು ತಿಳಿದ ಕೂಡಲೇ 1930 ಸಹಾಯವಾಣಿಗೆ ತಿಳಿಸಬೇಕು.

ಮಾಡಬೇಕಾದದ್ದು

ಮರಳಿಯ ಕಕ್ಷಿದಾರರಿಗೆ ಹೇಳಿದ ಕ್ರಮಗಳು ಇವು.

ಅ. ಅಂಗಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಕ್ಯೂಆರ್ ಫಲಕವನ್ನು ಅದಕ್ಕೆ ಮಾತ್ರ ಜೋಡಿಸಬೇಕು. ಮನೆಯ ಹಣ ಮನೆಯ ಖಾತೆಗೆ ಬರಲಿ. ಅರ್ಧದಷ್ಟು ಗೊಂದಲ ಇಷ್ಟರಿಂದಲೇ ನಿವಾರಣೆಯಾಗುತ್ತದೆ.

ಆ. ಗಲ್ಲೆಯ ಬಳಿ ಒಂದು ರೋಜು ಪುಸ್ತಕ ಇರಬೇಕು. ದಿನಾಂಕ, ಫೋನ್ ಮಾರಾಟ, ನಗದು ಮಾರಾಟ, ಕೊಟ್ಟ ಉದ್ರಿ, ಬಂದ ಉದ್ರಿ, ಇತರೆ ಎಂದು ಆರು ಕಾಲಂ ಸಾಕು. ರಾತ್ರಿ ಅಂಗಡಿ ಮುಚ್ಚುವ ಮುನ್ನ ಐದು ನಿಮಿಷದ ಕೆಲಸ. ನಗದು ಕೊಟ್ಟದ್ದನ್ನು 'ಇತರೆ' ಕಾಲಂನಲ್ಲಿ ಹೆಸರಿನೊಂದಿಗೆ ಬರೆಯಬೇಕು.

ಇ. ಉದ್ರಿ ಪುಸ್ತಕವನ್ನು ಸುಗ್ಗಿಯ ನಂತರ ಹರಿದು ಹಾಕುವ ರೂಢಿ ಬಿಡಬೇಕು. ಮಾರ್ಚ್ 31ರಂದು ಯಾರಿಂದ ಎಷ್ಟು ಬರಬೇಕೆಂಬ ಪಟ್ಟಿ ಮಾಡಿ ಇಟ್ಟುಕೊಳ್ಳಬೇಕು. ಮೇ ತಿಂಗಳ ಜಮೆ ಹಿಂದಿನ ವರ್ಷದ್ದೆಂದು ಹೇಳುವ ಸಾಕ್ಷಿ ಅದೊಂದೇ.

ಈ. ಖರೀದಿ ಬಿಲ್ಲುಗಳನ್ನು ವಿನಾಯಿತಿ ಸರಕು, ತೆರಿಗೆಯ ಸರಕು ಎಂದು ಎರಡು ಕಡತಗಳಲ್ಲಿ ಇಡಬೇಕು. ಮಾರಾಟದ ವಿಂಗಡಣೆಗೆ ಇದೇ ಆಧಾರ.

ಉ. ಪ್ರತಿ ತಿಂಗಳು ಬ್ಯಾಂಕ್ ಪಟ್ಟಿಯನ್ನು ರೋಜು ಪುಸ್ತಕದೊಂದಿಗೆ ತಾಳೆ ನೋಡಬೇಕು. ವಹಿವಾಟು 35 ಲಕ್ಷ ಮುಟ್ಟುವಾಗಲೇ ಸಲಹೆ ಪಡೆಯಬೇಕು. ಹೊಣೆ ಹುಟ್ಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು, ರಾಜಿ ಪದ್ಧತಿ ಬೇಕಿದ್ದರೆ ಆ ಅರ್ಜಿಯಲ್ಲಿಯೇ ಆಯ್ದುಕೊಳ್ಳಬೇಕು.

ಊ. ನೋಟಿಸ್ ಬಂದರೆ ಹೆದರಿ ಮುಚ್ಚಿಡದೆ, ಅದರಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕು.

ಕಕ್ಷಿದಾರರು ಎಲ್ಲವನ್ನೂ ಕೇಳಿ, "ಅಂದ್ರ ತಪ್ಪು ಡಬ್ಬಿದಲ್ಲ, ಬರಿಯದ ನಮ್ದು ಅಂತೀರಿ" ಎಂದರು. ಅವರೊಂದಿಗೆ ಕುಳಿತು ಒಂದು ವರ್ಷದ ಲೆಕ್ಕ ಹಾಕಿದಾಗ ವಹಿವಾಟು 40 ಲಕ್ಷದ ಮಿತಿಯನ್ನು ಸ್ವಲ್ಪವೇ ದಾಟಿತ್ತು. ಅವರು ನೋಂದಣಿ ಮಾಡಿಸಿಕೊಂಡು ರಾಜಿ ಪದ್ಧತಿಯನ್ನು ಆಯ್ದುಕೊಂಡರು. ಫಲಕ ಮತ್ತು ಡಬ್ಬಿ ಮತ್ತೆ ಗಲ್ಲೆಯ ಮುಂದೆ ಬಂದಿವೆ. ಪಕ್ಕದಲ್ಲಿ ಕೆಂಪು ರಟ್ಟಿನ ರೋಜು ಪುಸ್ತಕವೂ ಇದೆ. ಅದರಲ್ಲಿ ಬರೆಯುವುದು ಅವರಲ್ಲ, ಪಿಯುಸಿ ಓದುತ್ತಿರುವ ಅವರ ಮಗಳು.

ಹೊಸ ಸಾಧನ ಉಪಯುಕ್ತವೇ ಎಂಬ ಪ್ರಶ್ನೆಗೆ ಸಾಧನವನ್ನು ಮಾತ್ರ ನೋಡಿ ಉತ್ತರ ಹೇಳಲಾಗದು. ಪುಸ್ತಕ ಇಟ್ಟ ವರ್ತಕನಿಗೆ ಕ್ಯೂಆರ್ ಫಲಕ ಅಗ್ಗದ ಗುಮಾಸ್ತ, ಪುಸ್ತಕ ಇಡದವನಿಗೆ ಅದು ತನ್ನ ವಿರುದ್ಧವೇ ನುಡಿಯುವ ಸಾಕ್ಷಿ. ಈ ಲೇಖನ ಓದಿದ ಸದಸ್ಯ ಬಂಧುಗಳು ಫಲಕವನ್ನು ತೆಗೆಯುವ ಅಥವಾ ಇಡುವ ನಿರ್ಧಾರಕ್ಕೆ ಮುನ್ನ ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಪಟ್ಟಿಯನ್ನು ತೆಗೆದು, ಮೇಲಿನ ಲೆಕ್ಕದ ಮಾದರಿಯಲ್ಲಿ ತಮ್ಮ ಅಂಕಿಗಳನ್ನು ಒಮ್ಮೆ ತುಂಬಿ ನೋಡಬೇಕೆಂದು ವಿನಂತಿ.